ಮುಂಬೈಗೆ ಸಮುದ್ರವಿದೆ, ದೋಣಿಯ ದಾರಿ ಯಾಕಿಲ್ಲ?

2022ರ ಫೆಬ್ರವರಿ 17ರಂದು ಮುಂಬೈಯಲ್ಲಿ ವಾಟರ್ ಟ್ಯಾಕ್ಸಿ, ಅಂದರೆ ಜನರನ್ನು ಸಾಗಿಸುವ ದೋಣಿ ಸೇವೆ ಶುರುವಾಯಿತು. ನವಿ ಮುಂಬೈನ ಬೇಲಾಪುರ, ನೆರೂಳ್ ಕಡೆ ಮನೆ ಮಾಡಿ ದಿನಾ ಫೋರ್ಟ್‌ಗೆ ಕೆಲಸಕ್ಕೆ ಬರುವ ಕನ್ನಡಿಗರು ಕಡಿಮೆಯೇನಿಲ್ಲ. ಅವರಿಗೆ ಹಾರ್ಬರ್ ಲೈನಿನ ಲೋಕಲ್ ರೈಲಿನ ನೂಕುನುಗ್ಗಲು ತಪ್ಪಬೇಕಿತ್ತು. ಆದರೆ ಸ್ಪೀಡ್‌ಬೋಟಿನ ಟಿಕೆಟ್ 800ರಿಂದ 1,200 ರೂಪಾಯಿ. ಕ್ಯಾಟಮರಾನ್ ಎಂಬ ದೊಡ್ಡ ಬೋಟಿಗೆ 290. ಸ್ಪೀಡ್‌ಬೋಟಿನ ಒಂದು ಟಿಕೆಟ್ಟಿನ ದುಡ್ಡಿಗೆ ಲೋಕಲ್‌ನ ಸೆಕೆಂಡ್ ಕ್ಲಾಸ್ ತಿಂಗಳ ಪಾಸೇ ಬಂದು ಇನ್ನೂ ದುಡ್ಡು ಉಳಿಯುತ್ತದೆ. ಸಾಲದ್ದಕ್ಕೆ ಆ ಕಡೆ ಜೆಟ್ಟಿಗೆ ಆಟೋ, ಈ ಕಡೆ ಮಜಗಾಂವ್‌ನಲ್ಲಿ ಇಳಿದ ಮೇಲೆ ಟ್ಯಾಕ್ಸಿ. ಜನ ಬರಲಿಲ್ಲ, ಸೇವೆ ಸೊರಗಿತು.

ದುಬಾರಿ ಟಿಕೆಟ್ ಒಂದೇ ಕಾರಣ ಅಂತ ನನಗೆ ಅನ್ನಿಸುವುದಿಲ್ಲ. ಈ ಊರಿನಲ್ಲಿ ದೋಣಿ ಎಲ್ಲಿ ಉಳಿದಿದೆ, ಎಲ್ಲಿ ಹೋಗಿದೆ ಅಂತ ನೋಡಿದರೆ ವಿಷಯ ಬೇರೆಯೇ ಇದೆ.

ಮುಂಬೈ ಮೊದಲು ಏಳು ದ್ವೀಪ. ದಾಟಲು ದೋಣಿಯೇ ಗತಿ. 1838ರಲ್ಲಿ ಕೊಲಾಬಾಕ್ಕೆ ಕಾಸ್‌ವೇ, ಅಂದರೆ ನೀರಿನ ನಡುವೆ ಎತ್ತರಿಸಿ ಕಟ್ಟಿದ ರಸ್ತೆ ಆಯಿತು. ಮಾಹಿಮ್‌ನಿಂದ ಬಾಂದ್ರಾಕ್ಕೆ ಮಾತ್ರ ಜನ ಇನ್ನೂ ದೋಣಿಯಲ್ಲೇ ಹೋಗುತ್ತಿದ್ದರು, ಮಳೆಗಾಲದಲ್ಲಿ ಮುಳುಗಿ ಸಾಯುವವರೂ ಇದ್ದರು. ಅಲ್ಲಿ ಕಾಸ್‌ವೇ ಕಟ್ಟಲು 1.57 ಲಕ್ಷ ರೂಪಾಯಿ ಕೊಟ್ಟವರು ಲೇಡಿ ಅವಾಬಾಯಿ ಜಮ್ಶೆಟ್‌ಜೀ ಜೀಜೀಭಾಯ್. ದಾಟುವವರಿಂದ ಸುಂಕ ವಸೂಲಿ ಮಾಡಬಾರದು ಅನ್ನುವುದು ಅವರ ಷರತ್ತು. 1845ರಲ್ಲಿ ಅದು ತೆರೆಯಿತು. ಮಾಟುಂಗಾ, ಮಾಹಿಮ್‌ನ ನಮ್ಮವರು ದಿನಾ ಓಡಾಡುವ ಎಲ್.ಜೆ. (ಲೇಡಿ ಜಮ್ಶೆಟ್‌ಜೀ) ರೋಡ್ ಆಕೆಯ ಹೆಸರಿನದ್ದೇ. ಪುಕ್ಕಟೆ ರಸ್ತೆ ಬಂದ ಮೇಲೆ ದೋಣಿಗೆ ಯಾರು ಕಾಯುತ್ತಾರೆ?

ಮುಂದೆಯೂ ಹಾಗೇ ಆಯಿತು. 1973ರಲ್ಲಿ ವಾಶಿ ಸೇತುವೆ, 90ರ ದಶಕದಲ್ಲಿ ವಾಶಿ, ಬೇಲಾಪುರಕ್ಕೆ ರೈಲು, 2024ರ ಜನವರಿಯಲ್ಲಿ 21.8 ಕಿ.ಮೀ. ಉದ್ದದ ಅಟಲ್ ಸೇತು. ಕರಾವಳಿಯಿಂದ ಸ್ಟೀಮರ್ ಹತ್ತಿ ಮುಂಬೈಗೆ ಬಂದು ಹೋಟೆಲು ಕೆಲಸಕ್ಕೆ ಸೇರಿದ ತಲೆಮಾರು ನಮ್ಮಲ್ಲಿತ್ತು. ಹೆದ್ದಾರಿ, ಬಸ್ಸು ಬಂದ ಮೇಲೆ ಆ ದಾರಿಯೂ ಮುಚ್ಚಿತು. ಸಮುದ್ರದ ಭಯವೂ ಸುಮ್ನೆ ಹುಟ್ಟಿದ್ದಲ್ಲ. 1947ರ ಜುಲೈ 17ರಂದು ಅಲಿಬಾಗ್ ಕಡೆಯ ರೇವಸ್‌ಗೆ ಹೊರಟ ರಾಮದಾಸ್ ಹಡಗು ಮುಳುಗಿ 600ಕ್ಕೂ ಹೆಚ್ಚು ಜನ ಸತ್ತರು. 2024ರ ಡಿಸೆಂಬರ್ 18ರಂದು ಎಲಿಫೆಂಟಾಕ್ಕೆ ಹೊರಟಿದ್ದ ಲಾಂಚ್‌ಗೆ ನೌಕಾಪಡೆಯ ಬೋಟ್ ಗುದ್ದಿ ಮತ್ತೆ ಜೀವಗಳು ಹೋದವು.

ಹಾಗಾದರೆ ದೋಣಿ ಉಳಿದಿರುವುದೆಲ್ಲಿ? ವರ್ಸೋವಾಕ್ಕೆ ಹೋಗಿ ನೋಡಿ. ಎದುರಿಗೆ ಕಾಣುವ ದಡವೇ ಮಡ್. ನಡುವೆ ಇರುವುದು ಸಣ್ಣ ಖಾಡಿ (ಒಳಗೆ ಚಾಚಿದ ಸಮುದ್ರದ ನೀರು), ದಾಟಲು ಕೆಲವೇ ನಿಮಿಷ. ರಸ್ತೆಯಲ್ಲಿ ಹೋದರೆ ಮಲಾಡ್ ಸುತ್ತಿ 20 ಕಿ.ಮೀ.ಗೂ ಜಾಸ್ತಿ. ಮೀನಿನ ಬುಟ್ಟಿ ಹಿಡಿದ, ಮೀನುಗಾರ ಕೋಲಿ ಸಮುದಾಯದ ಹೆಂಗಸರು, ಶಾಲೆ ಮಕ್ಕಳು, ಶೂಟಿಂಗ್‌ಗೆ ಹೋಗುವ ಹುಡುಗರು ಒಟ್ಟಿಗೇ ನಿಂತಿರುತ್ತಾರೆ. ಬೈಕನ್ನು ತಳ್ಳಿಕೊಂಡು ಬಂದು ದೋಣಿಗೇ ಹತ್ತಿಸುತ್ತಾರೆ. ಟೈಮ್‌ಟೇಬಲ್ ನೋಡುವವರಿಲ್ಲ, ಒಂದು ಹೋದರೆ ಇನ್ನೊಂದು ಬರುತ್ತದೆ. ಮಾರ್ವೆ-ಮನೋರಿಯಲ್ಲೂ ಹೀಗೇ. ಮಜಗಾಂವ್‌ನ ದೋಣಿ ಕಟ್ಟೆ ಭಾವೂಚಾ ಧಕ್ಕಾದಿಂದ ಉರಣ್ ಪಕ್ಕದ ಮೋರಾಕ್ಕೆ, ಗೇಟ್‌ವೇ ಆಫ್ ಇಂಡಿಯಾದಿಂದ ಅಲಿಬಾಗ್ ಕಡೆಯ ಮಾಂಡ್ವಾಕ್ಕೆ ಲಾಂಚ್‌ಗಳು ಓಡುವುದೂ ರಸ್ತೆ ಸುತ್ತು ಅಂತಲೇ. 2020ರ ಮಾರ್ಚ್‌ನಲ್ಲಿ ಕಾರು ಹೊರುವ ರೋ-ರೋ ಹಡಗು ಮಾಂಡ್ವಾಕ್ಕೆ ಶುರುವಾಯಿತು. ಅದು ಸೋಲದೆ ನೆಲೆಯೂರಿತು.

ರಸ್ತೆ ಸುತ್ತು ಹಾಕುವ ಕಡೆ ದೋಣಿ ಬದುಕುತ್ತದೆ. ರೈಲಿನ ಪಕ್ಕದಲ್ಲೇ ಓಡಿಸಿದರೆ ಸೋಲುತ್ತದೆ. ಬೇಲಾಪುರದಲ್ಲಿ ಆದದ್ದು ಇದೇ ಅಲ್ವಾ?

ಈಗ ಸರ್ಕಾರ ಕೊಚ್ಚಿಯ ಮಾದರಿಯಲ್ಲಿ ವಾಟರ್ ಮೆಟ್ರೊ ತರುವ ಮಾತಾಡುತ್ತಿದೆ. ಕೊಚ್ಚಿಯಲ್ಲಿ 2023ರಲ್ಲಿ ಶುರುವಾದಾಗ ಟಿಕೆಟ್ 20ರಿಂದ 40 ರೂಪಾಯಿ. ದ್ವೀಪದ ಜನರ ದಿನದ ಓಡಾಟಕ್ಕೇ ಮಾಡಿದ್ದು ಅದು. ಕಲಿಯಬೇಕಾದದ್ದು ಇದನ್ನು. ಆದರೆ ಕೊಚ್ಚಿಯ ಹಿನ್ನೀರಿನಲ್ಲಿ ಉಬ್ಬರ-ಇಳಿತದ ವ್ಯತ್ಯಾಸ ಸುಮಾರು ಒಂದು ಮೀಟರ್. ಮುಂಬೈಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಸುಮಾರಿಗೆ ಅದು ನಾಲ್ಕು ಮೀಟರ್ ದಾಟುತ್ತದೆ. ಮೋರಾದಲ್ಲಿ ಹೂಳು ತುಂಬಿ, ಇಳಿತದ ಹೊತ್ತಿಗೆ ಲಾಂಚ್ ದಡಕ್ಕೇ ಬರಲಾಗದೆ ಜನ ಗಂಟೆಗಟ್ಟಲೆ ಕಾಯುತ್ತಾರೆ. ಮಳೆಗಾಲ ಬಂತೆಂದರೆ ಗೇಟ್‌ವೇ-ಮಾಂಡ್ವಾ ಲಾಂಚ್‌ಗಳು ತಿಂಗಳುಗಟ್ಟಲೆ ನಿಲ್ಲುತ್ತವೆ. ಎಸಿ ಬೋಟು ತರುವ ಮೊದಲು ನೀರಿನ ಜೊತೆ ಏರಿ ಇಳಿಯುವ ತೇಲು ಜೆಟ್ಟಿ ಬೇಕು, ವರ್ಷವರ್ಷ ಹೂಳು ತೆಗೆಯಬೇಕು, ಜೆಟ್ಟಿಯ ಬಾಗಿಲಿಗೇ ಬಸ್ಸು ಬರಬೇಕು. ಮೋರಾದ ಜನ ಈಗಲೂ ದಿನಾ ದೋಣಿಯಲ್ಲೇ ಓಡಾಡುತ್ತಿದ್ದಾರೆ. ಮೊದಲ ಖರ್ಚು ಅಲ್ಲಿಗೇ ಆಗಲಿ.