ಕಿಡ್ನಿ ಕಸಿಯಾದ ಮೇಲೆ ಕೈ ಯಾಕೆ ನಡುಗುತ್ತದೆ?

ಕಿಡ್ನಿ ಕಸಿ ಮಾಡಿಸಿಕೊಂಡು ಮನೆಗೆ ಬಂದವರ ಬಗ್ಗೆ ನಮ್ಮ ಮೈಸೂರು, ಮಂಡ್ಯ ಕಡೆ ಒಂದು ಮಾತು ಆಗಾಗ ಕೇಳುತ್ತೇನೆ: 'ಪಾಪ, ನರ ವೀಕ್ ಆಗಿದೆ.' ಕಾಫಿ ಲೋಟ ಎತ್ತಿದರೆ ಕೈ ನಡುಗುತ್ತದೆ, ಬ್ಯಾಂಕಿನಲ್ಲಿ ಹಾಕಿದ ಸಹಿ ಹಳೇ ಸಹಿಗೆ ಹೊಂದುವುದಿಲ್ಲ, ಬೆರಳ ತುದಿ ಜುಮುಜುಮು ಅನ್ನುತ್ತದೆ, ರಾತ್ರಿ ನಿದ್ದೆ ಇಲ್ಲ. ಯಾರೋ ಟಾನಿಕ್ ಹೇಳುತ್ತಾರೆ. ಇನ್ಯಾರೋ ಬಾದಾಮಿ ನೆನೆಹಾಕಿ ತಿನ್ನಿ ಅನ್ನುತ್ತಾರೆ. ಬಹಳ ಸಲ ಕಾರಣ ಬೇರೆಲ್ಲೂ ಇಲ್ಲ, ಹೊಸ ಕಿಡ್ನಿಯನ್ನು ಕಾಯುತ್ತಿರುವ ಮಾತ್ರೆಯಲ್ಲೇ ಇದೆ. ಮನೆಯವರಿಗೆ ಇದು ಗೊತ್ತಿರಲೇಬೇಕು. ಗೊತ್ತಿಲ್ಲದೆ ಹೆದರಿ ಮಾತ್ರೆ ನಿಲ್ಲಿಸಿದರೆ ಕಿಡ್ನಿಯೇ ಹೋಗಬಹುದು.

ಇವತ್ತು ಹೆಚ್ಚಿನವರಿಗೆ ಕೊಡುವ ಮಾತ್ರೆ ಟ್ಯಾಕ್ರೋಲಿಮಸ್. 1984ರಲ್ಲಿ ಜಪಾನಿನ ತ್ಸುಕುಬಾ ಎಂಬಲ್ಲಿನ ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕಿದ್ದು. ಅದಕ್ಕೂ ಮೊದಲು ಬಂದ ಸೈಕ್ಲೋಸ್ಪೋರಿನ್ ಸಿಕ್ಕಿದ್ದು ನಾರ್ವೆಯ ಮಣ್ಣಿನ ಶಿಲೀಂಧ್ರದಿಂದ. ಬೇರೆಯವರ ಅಂಗ ಒಳಗೆ ಬಂದ ಕೂಡಲೇ ನಮ್ಮ ರಕ್ತದ ಟಿ ಕಣಗಳು ಅದರ ಮೇಲೆ ಬೀಳಲು ಸಿದ್ಧವಾಗುತ್ತವೆ. ಹಾಗೆ ಸಿದ್ಧವಾಗಬೇಕಾದರೆ ಅವುಗಳೊಳಗೆ ಕ್ಯಾಲ್ಸಿನ್ಯೂರಿನ್ ಅನ್ನುವ ಕಿಣ್ವ ಕೆಲಸ ಮಾಡಬೇಕು. ಈ ಎರಡೂ ಔಷಧಿ ತಡೆಯುವುದು ಅದನ್ನೇ. ಆದರೆ ಆ ಕಿಣ್ವ ಟಿ ಕಣಗಳಲ್ಲಿ ಮಾತ್ರ ಇಲ್ಲ, ಮಿದುಳಿನ ನರಕೋಶಗಳಲ್ಲಿ ಇನ್ನೂ ಜಾಸ್ತಿ ಇದೆ. ಜೊತೆಗೆ ಈ ಔಷಧಿಗಳು ರಕ್ತನಾಳ ಬಿಗಿ ಮಾಡಿ ಬಿಪಿ ಏರಿಸುತ್ತವೆ, ಮೂತ್ರದಲ್ಲಿ ಮೆಗ್ನೀಸಿಯಂ ಕಳೆಯುತ್ತವೆ. ಮೆಗ್ನೀಸಿಯಂ ಕಮ್ಮಿಯಾದರೆ ನಡುಕವೂ ಹೆಚ್ಚು, ಫಿಟ್ಸ್ ಬರುವ ಸಾಧ್ಯತೆಯೂ ಹೆಚ್ಚು.

ಅದಕ್ಕೇ ರಕ್ತದಲ್ಲಿ ಔಷಧಿ ಎಷ್ಟಿದೆ ಅಂತ ಆಗಾಗ ಲೆವೆಲ್ ಟೆಸ್ಟ್ ಮಾಡುವುದು. ಮೈಸೂರಿನ ಒಂದು ಲ್ಯಾಬಿನಲ್ಲಿ ನನ್ನ ಪಕ್ಕ ಕೂತಿದ್ದ ಮಂಡ್ಯ ಕಡೆಯ ಯಜಮಾನರನ್ನು ಸಿಸ್ಟರ್ ಕೇಳಿದರು, 'ಬೆಳಿಗ್ಗೆ ಮಾತ್ರೆ ತಗೊಂಡ್ರಾ?' 'ತಗೊಂಡೇ ರೈಲು ಹತ್ತಿದೆ ಕಣವ್ವ, ತಡ ಆಯ್ತದಲ್ಲ.' ಅವತ್ತು ರಕ್ತ ತೆಗೆಯಲಿಲ್ಲ. ಪಾಪ, ಅಷ್ಟು ಶಿಸ್ತಿನ ಮನುಷ್ಯ, ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಹಿಂದಿನ ರಾತ್ರಿಯ ಮಾತ್ರೆ ತೆಗೆದುಕೊಂಡು ಸುಮಾರು 12 ಗಂಟೆಯಾಗಿ, ಬೆಳಗಿನದು ನುಂಗುವ ಮುಂಚೆ ರಕ್ತ ಕೊಡಬೇಕು. ನುಂಗಿ ಬಂದರೆ ಲೆವೆಲ್ ಸುಳ್ಳೇ ಜಾಸ್ತಿ ತೋರಿಸುತ್ತದೆ. ಅದನ್ನು ನಂಬಿ ಡೋಸ್ ಇಳಿಸಿದರೆ ದೇಹ ಕಿಡ್ನಿಯನ್ನು ತಿರಸ್ಕರಿಸಬಹುದು. ಮಾತ್ರೆಯನ್ನು ಚೀಲದಲ್ಲಿಟ್ಟುಕೊಂಡು ಬಂದು, ರಕ್ತ ಕೊಟ್ಟ ಮೇಲೆ ತೆಗೆದುಕೊಂಡರೆ ಆಯಿತು.

ನಿಜವಾಗಿಯೂ ಲೆವೆಲ್ ಏರಿಸುವ ಸಂಗತಿಗಳು ನಮ್ಮ ಸುತ್ತಲೇ ಇವೆ. ಹುಳುಕಡ್ಡಿಗೆ ಅಂತ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ಫ್ಲುಕೋನಜೋಲ್, ಇಟ್ರಾಕೋನಜೋಲ್. ಕೆಮ್ಮಿಗೆ ಬರೆಯುವ ಕ್ಲಾರಿಥ್ರೋಮೈಸಿನ್. ಜೋರು ಭೇದಿ. ಚಕ್ಕೋತ ಹಣ್ಣು ಕೂಡ ಬೇಡ, ಅದರದೇ ಜಾತಿಯ ಗ್ರೇಪ್‌ಫ್ರೂಟ್ (ಇದು ದ್ರಾಕ್ಷಿಯಲ್ಲ) ಅಂತೂ ಬೇಡವೇ ಬೇಡ. ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಉಲ್ಟಾ, ಲೆವೆಲ್ ಇಳಿಸಿಬಿಡುತ್ತವೆ.

ಸಣ್ಣ ನಡುಕ ಅಪಾಯವಲ್ಲ, ಮುಂದಿನ ಭೇಟಿಯಲ್ಲಿ ಹೇಳಿದರೆ ಸಾಕು. ಆದರೆ ಬಿಪಿ ಏರಿ ತಲೆ ಸಿಡಿಯುವ ಹಾಗೆ ನೋಯುವುದು, ಕಣ್ಣು ಮಂಜಾಗುವುದು, ಮಾತು ತಡಬಡಿಸುವುದು, ಗೊಂದಲವಾಗುವುದು, ಫಿಟ್ಸ್ ಬರುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಅವತ್ತೇ, ಆಗಲೇ ಆಸ್ಪತ್ರೆಗೆ ಹೋಗಿ. ಮಿದುಳಿನ ಹಿಂಭಾಗದಲ್ಲಿ ನೀರು ತುಂಬಿ ಊದಿಕೊಳ್ಳುವ ತೊಂದರೆ ಇದು ಇರಬಹುದು. ಇದಕ್ಕೆ ಪ್ರೆಸ್ (PRES) ಅನ್ನುತ್ತಾರೆ, 1996ರಲ್ಲಿ ವೈದ್ಯರು ಇದನ್ನು ವಿವರವಾಗಿ ಬರೆದರು. ಲೆವೆಲ್ ಸರಿಯಿದ್ದಾಗಲೂ ಬರಬಹುದು. ಎಂಆರ್‌ಐನಲ್ಲಿ ಗೊತ್ತಾಗುತ್ತದೆ, ಬೇಗ ಹಿಡಿದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಜ್ವರದ ಜೊತೆ ದಿನಗಟ್ಟಲೆ ತಲೆನೋವಿದ್ದರೆ ಅದು ಮಿದುಳು ಪೊರೆಯ ಸೋಂಕೂ ಆಗಿರಬಹುದು, ರೋಗನಿರೋಧಕ ಶಕ್ತಿಯನ್ನು ನಾವೇ ಇಳಿಸಿಟ್ಟಿದ್ದೇವಲ್ಲ.

ಇನ್ನು ಸುಮ್ಸುಮ್ನೆ ರೇಗುವುದು, ಅಳುವುದು, ನಿದ್ದೆಯಿಲ್ಲದೆ ಓಡಾಡುವುದು ಕಸಿಯಾದವರಿಗೆ ಈ ಮಾತ್ರೆಗಳ ಜೊತೆ ಕೊಡುವ ಸ್ಟೀರಾಯ್ಡಿನಿಂದಲೂ ಆಗುತ್ತದೆ. 'ಗುಣವೇ ಬದಲಾಯ್ತು' ಅಂತ ಮನೆಯವರು ಬೈಯಬಾರದು.

ದಾರಿಗಳಿವೆ. ಡೋಸ್ ಇಳಿಸಬಹುದು, ಮೆಗ್ನೀಸಿಯಂ ಕೊಡಬಹುದು, ನಿಧಾನವಾಗಿ ಕರಗುವ ಟ್ಯಾಕ್ರೋಲಿಮಸ್ ಮಾತ್ರೆಗೆ ಬದಲಾಯಿಸಬಹುದು, ಕೆಲವರಿಗೆ ಎವೆರೋಲಿಮಸ್‌ನಂಥ ಬೇರೆ ಔಷಧಿಯೂ ಆಗುತ್ತದೆ. ಯಾವುದು ಅಂತ ಡಾಕ್ಟರ್ ನಿರ್ಧರಿಸಬೇಕಾದರೆ ನಡುಕ ಯಾವಾಗ ಶುರುವಾಯಿತು, ಈಚೆಗೆ ಹೊಸದಾಗಿ ಏನೇನು ನುಂಗಿದ್ದೀರಿ ಅಂತ ಅವರಿಗೆ ತಿಳಿಯಬೇಕು. ಮೆಡಿಕಲ್ ಸ್ಟೋರಿನಿಂದ ತಂದ ಖಾಲಿ ಸ್ಟ್ರಿಪ್ಪುಗಳನ್ನೂ ಬಿಸಾಡದೆ ಜೊತೆಗೆ ಒಯ್ಯಿರಿ.