ಕ್ರಿಸ್ಮಸ್ ರಾತ್ರಿ ಊಟಕ್ಕೆ 12 ಜನ, ಇರೋದು ಎರಡೇ ಬರ್ನರ್, ಏನೇನ್ ಮಾಡ್ಲಿ?

ಪ್ರಶ್ನೆ: ಅಕ್ಕಾ, ಮದ್ವೆಯಾಗಿ ಬೆಂಗಳೂರಿಗೆ ಬಂದ್ಮೇಲೆ ಮೊದಲ್ನೇ ಸಲ ಕ್ರಿಸ್ಮಸ್ ನಮ್ಮನೇಲಿ. 25ರ ರಾತ್ರಿ ಊಟಕ್ಕೆ 12 ಜನ, ಅದ್ರಲ್ಲಿ 3 ಜನ ವೆಜ್. ಮಂಗಳೂರು ಕಡೆ ಊಟನೇ ಆಗ್ಬೇಕು ಅಂತ ಆಸೆ, ಅಡುಗೆಗೆ ನಾನೊಬ್ಳೇ. ಮೆನು ಹೇಗ್ ಪ್ಲಾನ್ ಮಾಡೋದು?

ಉತ್ತರ: ಪ್ರತಿ ಡಿಸೆಂಬರಲ್ಲೂ ಯಾರಾದ್ರೂ ಒಬ್ರು ಇದನ್ನ ಕೇಳೇ ಕೇಳ್ತಾರೆ. ಕೇಳೋರೆಲ್ಲಾ ಮೊದ್ಲು ಮಾಡೋ ಕೆಲ್ಸ ಅಂದ್ರೆ ಊರಲ್ಲಿ ಅಮ್ಮ, ಅಜ್ಜಿ, ದೊಡ್ಡಮ್ಮ ಎಲ್ಲಾ ಸೇರಿ ಮಾಡ್ತಿದ್ದ ಅಡುಗೆನೆಲ್ಲಾ ಒಂದು ಹಾಳೇಲಿ ಬರ್ಕೊಂಡು ಕೂರೋದು, ಸೊರ್ಪೊತೆಲ್, ಇಂದಾದ್, ಬಫಾತ್ ಅಂತ ಹಂದಿಮಾಂಸದ್ದೇ ಮೂರು ಥರ, ಪೊಲಾವ್, ಸಾನ್ನಾ ಅನ್ನೋ ಇಡ್ಲಿ, ಮೇಲಿಂದ ಕುಸ್ವಾರ್, ಅಂದ್ರೆ ಕ್ರಿಸ್ಮಸ್ ತಿಂಡಿಗಳು ಬೇರೆ. ಅದು ಆರು ಕೈ ಮಾಡ್ತಿದ್ದ ಅಡುಗೆ ಕಣ್ರೀ, ನಿಮ್ಗಿರೋದು ಎರಡು.

ಹಾಗಾಗಿ ಏನ್ ರುಚಿ ಅಂತ ಯೋಚ್ನೆ ಮಾಡೋ ಮುಂಚೆ ಯಾವ್ದು ಹಳೇದಾದಷ್ಟೂ ರುಚಿ ಅಂತ ನೋಡಿ. ನಮ್ ಪುಣ್ಯಕ್ಕೆ ಮಂಗಳೂರು ಕ್ರಿಶ್ಚಿಯನ್ನರ ಹಂದಿಮಾಂಸದ ಅಡುಗೆ ಪೂರ್ತಿ ಹಾಗೇ, ವಿನೆಗರ್ ಹಾಕಿರ್ತಾರಲ್ಲ, ಮಾಡಿದ ದಿನಕ್ಕಿಂತ ಎರಡನೇ ದಿನ ಮಸಾಲೆ ಮಾಂಸದೊಳಗೆ ಇಳ್ದಿರುತ್ತೆ. ಸೊರ್ಪೊತೆಲ್ ಅಂತೂ ಮೂರನೇ ದಿನಕ್ಕೇ ಸರಿಯಾದ ರುಚಿಗೆ ಬರೋದು. ಆದ್ರೆ ಮೊದಲ್ನೇ ಸಲಕ್ಕೆ ಸೊರ್ಪೊತೆಲ್ ಬೇಡ. ಲಿವರ್, ಹಾರ್ಟ್ ಎಲ್ಲಾ ಕ್ಲೀನ್ ಮಾಡಿ ಬೇಯಿಸಿ ಸಣ್ಣ ಸಣ್ಣ ತುಂಡು ಮಾಡಿ ಹುರಿಯೋ ಹೊತ್ಗೆ ಅರ್ಧ ದಿನ ಹೋಗುತ್ತೆ. ದುಕ್ರಾ ಮಾಸ್, ಅಂದ್ರೆ ಪೋರ್ಕ್ ಬಫಾತ್ ಮಾಡಿ, ಸಾಕು.

ಮಾಂಸ ತಿನ್ನೋರು 9 ಜನ, ಇನ್ನೊಂದು ಕೋಳಿನೂ ಇರುತ್ತೆ, ಸೋ 2 ಕೇಜಿ ಪೋರ್ಕ್ ಧಾರಾಳ. ಕೊಬ್ಬು ಇರೋದನ್ನೇ ತಗೊಳ್ಳಿ, ಡಯಟ್ ಗಿಯೆಟ್ ಎಲ್ಲಾ ಜನವರಿಗೆ. ಕೇಜಿಗೆ ನಾಲ್ಕು ದೊಡ್ಡ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು, 3ರಿಂದ 4 ಟೇಬಲ್ ಸ್ಪೂನ್ ಬಫಾತ್ ಪುಡಿ, 2 ಸ್ಪೂನ್ ವಿನೆಗರ್. ಬಫಾತ್ ಪುಡಿ ಅಂದ್ರೆ ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಅರಿಶಿನ ಇದೇ ಮೇನ್, ಮಿಕ್ಕಿದ್ದು ಮನೆಗೊಂದು ಥರ. ಊರಿಂದ ತರಿಸ್ಕೊಂಡ್ರೆ ಬೆಸ್ಟ್. ಎಣ್ಣೆ ಹಾಕ್ಬೇಡಿ, ನೀರೂ ಹೆಚ್ಗೆ ಬೇಡ, ಕೊಬ್ಬೇ ಬಿಟ್ಕೊಳ್ಳುತ್ತೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೆ ಆಗಲ್ಲ, ಮಣ್ಣಿನ ಮಡಕೆ ಇದ್ರೆ ಅದೇ ಚೆನ್ನ. 23ಕ್ಕೆ ಮಾಡಿ, ಆರಿದ್ಮೇಲೆ ಫ್ರಿಜ್ಜಲ್ಲಿ ಇಡಿ, 25ಕ್ಕೆ ಎಷ್ಟು ಬೇಕೋ ಅಷ್ಟನ್ನೇ ತೆಗ್ದು ಚೆನ್ನಾಗಿ ಕುದಿಸಿ. ಇಡೀ ಮಡಕೆನ ದಿನಕ್ಕೆ ನಾಲ್ಕು ಸಲ ಬಿಸಿ ಮಾಡಿದ್ರೆ ಮಾಂಸ ಪುಡಿಪುಡಿ ಆಗೋಗುತ್ತೆ.

ಕೋಳಿಗೆ ರೋಸ್ ಕಡಿ, ತೆಂಗಿನ ಹಾಲಿನ ಸಾರು, ಒಂದೂವರೆ ಕೇಜಿ. ಬಫಾತ್ ಖಾರ, ಹುಳಿ. ಇದು ಮೆತ್ತಗೆ, ಮಕ್ಕಳೂ ತಿಂತಾರೆ. ಇದನ್ನ ಮಾತ್ರ ಅವತ್ತೇ ಮಾಡಿ, ತೆಂಗಿನ ಹಾಲಲ್ವಾ. ಮಸಾಲೆ ಬೇಕಾದ್ರೆ ಹಿಂದಿನ ದಿನವೇ ರುಬ್ಬಿಡಿ.

ಈಗ ಸಾನ್ನಾ ವಿಷ್ಯ, ಬೆಂಗಳೂರಲ್ಲಿ ಎಲ್ರೂ ಮುಗ್ಗರಿಸೋದು ಇಲ್ಲೇ. ಹಿಂದೆ ಶೇಂದಿ ಹಾಕಿ ಹುಳಿ ಬರಿಸ್ತಿದ್ರು, ಈಗ ಹೆಚ್ಚಿನೋರು ಈಸ್ಟ್ ಹಾಕ್ತಾರೆ. ಊರಲ್ಲಿ ಡಿಸೆಂಬರಲ್ಲೂ ಸೆಖೆ, ಹಿಟ್ಟು ತಾನಾಗೇ ಉಬ್ಬುತ್ತೆ. ಇಲ್ಲಿ ರಾತ್ರಿ 15-16 ಡಿಗ್ರಿ. ಒಂದ್ವರ್ಷ ನಾನು ಅಮ್ಮನ ಲೆಕ್ಕದಲ್ಲೇ ರುಬ್ಬಿಟ್ಟು ಮಧ್ಯರಾತ್ರಿ ಪೂಜೆಗೆ ಹೋಗಿ ಬಂದು ಆರಾಮಾಗಿ ಮಲಗ್ದೆ, ಬೆಳಗ್ಗೆ ಮುಚ್ಚಳ ತೆಗೆದ್ರೆ ಹಿಟ್ಟು ಇಟ್ಟಲ್ಲೇ ಇತ್ತು, ಬೇಯಿಸಿದ್ಮೇಲೆ ಒಂದೊಂದೂ ಕ್ಯಾರಂ ಕಾಯಿನ್. ಅವತ್ತು ಮಾನ ಉಳಿಸಿದ್ದು ಬೇಕರಿ ಪಾವ್! ಈಗ ನಾನ್ ಮಾಡೋದು ಹೀಗೆ: 24ರ ಸಂಜೆ ಚರ್ಚಿಗೆ ಹೊರಡೋ ಮುಂಚೆ 1 ಕೇಜಿ ಇಡ್ಲಿ ಅಕ್ಕಿ, ಕಾಲು ಕೇಜಿ ಉದ್ದು ನುಣ್ಣಗೆ ರುಬ್ಬಿ ಫ್ರಿಜ್ಜಿಗೆ. 25ಕ್ಕೆ ಬೆಳಗ್ಗೆ ಎದ್ದ ತಕ್ಷಣ ಹೊರಗಿಟ್ಟು, ಚಳಿ ಬಿಟ್ಮೇಲೆ ಉಗುರುಬೆಚ್ಚಗಿನ ನೀರು, ಸಕ್ಕರೆಯಲ್ಲಿ ನೆನೆಸಿದ ಈಸ್ಟ್ ಕಲಸಿ, ಬಿಸಿಲು ಬೀಳೋ ಕಿಟಕಿ ಹತ್ರ. ಪಾತ್ರೆ ಅರ್ಧ ಖಾಲಿ ಇರ್ಲಿ, ಉಕ್ಕುತ್ತೆ. ಮೂರು ಗಂಟೆ ಮೇಲೆ ಬೇಯಿಸೋಕೆ ಶುರು ಮಾಡಿದ್ರೆ ಸಣ್ಣ ಬಟ್ಟಲಿನ ಸೈಜಲ್ಲಿ 50ರ ಹತ್ರ ಬರುತ್ತೆ, ತಲೆಗೆ ನಾಲ್ಕು. ಊಟಕ್ಕೆ ಮುಂಚೆ ಮತ್ತೆ ಐದು ನಿಮಿಷ ಆವಿಯಲ್ಲಿಡಿ, ಹೊಸದ್ರಂಗೆ ಆಗುತ್ತೆ. ಆದ್ರೂ ಎರಡು ಡಜನ್ ಪಾವ್ ತಂದಿಟ್ಟಿರಿ, ಅನುಭವದ ಮಾತು.

ವೆಜ್ ಮೂವರಿಗೆ ಅಂತ ಪ್ರತ್ಯೇಕ ಪನೀರ್ ಬಟರ್ ಮಸಾಲ ಆರ್ಡರ್ ಮಾಡೋರನ್ನ ಕಂಡ್ರೆ ನಂಗೆ ಬೇಜಾರು. ನಮ್ಮಡುಗೇಲೇ ಬೇಕಾದಷ್ಟಿದೆಯಲ್ಲ. ತೊಂಡೆಕಾಯಿ ಗೋಡಂಬಿ ಪಲ್ಯ, ತೆಂಗಿನಕಾಯಿ ಹಾಕಿದ ಕ್ಯಾಬೇಜ್ ಫೂಗತ್ (ಅದೂ ಪಲ್ಯನೇ), ಮುಕ್ಕಾಲು ಕೇಜಿ ಬಾಸ್ಮತಿಯ ತುಪ್ಪದ ಪೊಲಾವ್, ಬಟಾಣಿ ಹಾಕಿ ಮಾತ್ರ. ಮಾಂಸದ ಸ್ಟಾಕ್ ಹಾಕ್ಬೇಡಿ, ಆಗ ಎಲ್ರಿಗೂ ಒಂದೇ ಪೊಲಾವ್ ಆಗುತ್ತೆ. ಸೌಟು ಬೇರೆ ಬೇರೆ ಇಡಿ, ಟೇಬಲ್ ಮೇಲೆ ವೆಜ್ ಒಂದು ತುದಿಗೆ, ಅವರೂ ಸಂಕೋಚ ಇಲ್ದೆ ಬಡಿಸ್ಕೋತಾರೆ.

ಸಿಹಿಗೆ ವೊರ್ನ್, ಕಡ್ಲೆಬೇಳೆ ಬೆಲ್ಲ ತೆಂಗಿನ ಹಾಲಿನ ಪಾಯಸ. ಬೇಳೆ ಬೇಯಿಸಿ ಬೆಲ್ಲ ಕರಗಿಸಿ 24ಕ್ಕೇ ಇಟ್ಕೊಳ್ಳಿ, ತೆಂಗಿನ ಹಾಲು ಕೊನೇಲಿ. ಕುಸ್ವಾರ್ ಮಾತ್ರ ಕೊಂಡ್ಕೊಂಡ್ಬಿಡಿ, ನಾಚಿಕೆ ಪಡ್ಬೇಡಿ. ಕಿಡಿಯೊ, ನೆವ್ರಿಯೊ, ಕೊಕ್ಕಿಸಾಂ ಕರಿಯೋಕೆ ಕೂತ್ರೆ ಎರಡು ರಾತ್ರಿ ನಿದ್ದೆ ಇಲ್ಲ, ಅದು ಮನೆತುಂಬಾ ಜನ ಕೂತು ಹರಟ್ತಾ ಮಾಡೋ ಕೆಲ್ಸ. ಪ್ಲಮ್ ಕೇಕೂ ಅಷ್ಟೇ, ಹಣ್ಣು ರಮ್ಮಲ್ಲಿ ನೆನೆಹಾಕೋ ಟೈಮ್ ಈಗ ಮೀರಿದೆ.

ಲೆಕ್ಕ ನೋಡಿ, ಸಂಜೆ ಆರು ಗಂಟೆಗೆ ಒಂದು ಬರ್ನರಲ್ಲಿ ಪೊಲಾವ್, ಇನ್ನೊಂದ್ರಲ್ಲಿ ಕೋಳಿ, ಅವು ಇಳಿದ್ಮೇಲೆ ಪೋರ್ಕ್ ಬಿಸಿ. ಪಲ್ಯ ಎರಡೂ ಮಧ್ಯಾಹ್ನವೇ. ಏಳೂವರೆಗೆ ಸೀರೆ ಉಟ್ಕೊಂಡು ಬಾಗಿಲು ತೆಗೀಬಹುದು. ಹಾಂ, ಪೋರ್ಕ್ ಟೇಬಲ್ಲಿಗೆ ಇಡೋ ಮುಂಚೆ ನಿಮ್ ಪಾಲು ಒಂದು ಡಬ್ಬಿ ತುಂಬಿ ಫ್ರಿಜ್ಜಿನ ಹಿಂದುಗಡೆ ಬಚ್ಚಿಡಿ, 26ಕ್ಕೆ ಬೆಳಗ್ಗೆ ಉಳಿದಿರೋ ಪಾವ್ ಜೊತೆಗೆ.