ಖಾಲಿ ಸೈಟು ಯಾರದು?

ಫುಟ್ಬಾಲ್ ಮೈದಾನ ಸಾಮಾನ್ಯವಾಗಿ 105 ಮೀಟರ್ ಉದ್ದ, 68 ಮೀಟರ್ ಅಗಲ. ಒಟ್ಟು 7,140 ಚದರ ಮೀಟರ್. 22 ಆಟಗಾರರಿಗೆ ಸಮನಾಗಿ ಹಂಚಿದರೆ ಒಬ್ಬೊಬ್ಬರ ಪಾಲಿಗೆ ಸುಮಾರು 325 ಚದರ ಮೀಟರ್ ಬರುತ್ತದೆ. ನಮ್ಮ ಲೆಕ್ಕದಲ್ಲಿ ತಲೆಗೆ ಹತ್ತಿರಹತ್ತಿರ ಮೂರು 30–40 ಸೈಟು! ಇಷ್ಟೆಲ್ಲ ಜಾಗ ಇದ್ದೂ ಚೆಂಡು ಸಿಕ್ಕವನಿಗೆ ಉಸಿರು ಬಿಡಲೂ ಪುರುಸೊತ್ತಿರುವುದಿಲ್ಲ, ಅಲ್ವಾ?

ಯಾವ ಜಾಗ ಯಾರದು ಅಂತ ಗುರುತಿಸಲು ಒಂದು ಸುಲಭದ ಗಣಿತ ಇದೆ. ಮೈದಾನದ ಯಾವುದೇ ಚುಕ್ಕೆ ತೆಗೆದುಕೊಳ್ಳಿ. ಅದಕ್ಕೆ ಎಲ್ಲರಿಗಿಂತ ಹತ್ತಿರ ನಿಂತವನದೇ ಆ ಚುಕ್ಕೆ. ಹೀಗೆ ಹಂಚುತ್ತಾ ಹೋದರೆ ಮೈದಾನ 22 ಸೊಟ್ಟಂಬಟ್ಟ ತುಂಡುಗಳಾಗುತ್ತದೆ. ಇದಕ್ಕೆ ವೊರೊನೊಯ್ ನಕ್ಷೆ ಎನ್ನುತ್ತಾರೆ. 1908ರಲ್ಲಿ ತೀರಿಕೊಂಡ ಗಣಿತಜ್ಞರೊಬ್ಬರ ಹೆಸರು ಅದು. ಪಾಪ, ಅವರಿಗೂ ಫುಟ್ಬಾಲಿಗೂ ಸಂಬಂಧವೇ ಇಲ್ಲ.

ಆದರೆ ಆಟಗಾರ ನೆಟ್ಟ ಕಂಬ ಅಲ್ಲ. ಜೋರಾಗಿ ಓಡುತ್ತಿರುವವನು ಮುಂದಿನ ಐದು ಮೀಟರನ್ನು ಬೇಗ ಮುಟ್ಟುತ್ತಾನೆ. ಬೆನ್ನ ಹಿಂದಿನ ಎರಡು ಮೀಟರ್‌ಗೆ ಮೊದಲು ನಿಲ್ಲಬೇಕು, ತಿರುಗಬೇಕು. ಅದಕ್ಕೇ ಈಗಿನ ವಿಶ್ಲೇಷಕರು ದೂರದ ಬದಲು ಸಮಯ ಅಳೆಯುತ್ತಾರೆ: ಇಲ್ಲಿಗೆ ಮೊದಲು ಯಾರು ತಲುಪುತ್ತಾರೆ? ಕ್ಯಾಮೆರಾಗಳು ಸೆಕೆಂಡಿಗೆ 25 ಸಲದಂತೆ ಎಲ್ಲರ ಜಾಗವನ್ನೂ ದಾಖಲಿಸುವುದರಿಂದ ಈ ಲೆಕ್ಕ ಸಾಧ್ಯವಾಗಿದೆ.

ಎದುರಾಳಿಯ ಸೈಟು ಕಿತ್ತುಕೊಳ್ಳುವ ಒಂದು ದಾರಿ ಆಫ್‌ಸೈಡ್ ನಿಯಮದಲ್ಲೇ ಇದೆ. ಡಿಫೆಂಡರ್‌ಗಳ ಸಾಲು ಒಟ್ಟಿಗೆ ಮುಂದೆ ಬಂದರೆ, ಅವರ ಬೆನ್ನ ಹಿಂದೆ ಹೋಗಿ ಪಾಸಿಗೆ ಕಾಯುವುದಕ್ಕೆ ಎದುರಾಳಿಗಳಲ್ಲಿ ಯಾರಿಗೂ ಆಗುವುದಿಲ್ಲ. ಹಾಗೆ ಕಾದು ಪಾಸ್ ಪಡೆದರೆ ಅದೇ ಆಫ್‌ಸೈಡ್ ತಪ್ಪು. 1989 ಮತ್ತು 1990ರಲ್ಲಿ ಯುರೋಪಿಯನ್ ಕಪ್ ಗೆದ್ದ ಎಸಿ ಮಿಲಾನ್ ತಂಡದ ಕೋಚ್ ಅರಿಗೊ ಸಾಕಿ, ತನ್ನ ಕೊನೆಯ ಡಿಫೆಂಡರ್‌ನಿಂದ ಮುಂದಿನ ಸ್ಟ್ರೈಕರ್‌ವರೆಗೆ 25 ಮೀಟರ್‌ಗಿಂತ ಜಾಸ್ತಿ ಅಂತರ ಇರಬಾರದು ಅನ್ನುತ್ತಿದ್ದರು. 25ನ್ನು 68ರಿಂದ ಗುಣಿಸಿ: 1,700 ಚದರ ಮೀಟರ್. ಗೋಲ್‌ಕೀಪರ್‌ಗಳನ್ನು ಬಿಟ್ಟು ಉಳಿದ 20 ಜನ ಅದರಲ್ಲೇ ಸಿಕ್ಕಿಕೊಂಡರೆ ತಲೆಗೆ 85 ಚದರ ಮೀಟರ್. ಮೂರು ಸೈಟು ಇದ್ದವನಿಗೆ ಒಂದೂ ಪೂರ್ತಿ ಉಳಿಯಲಿಲ್ಲ.

ಇನ್ನೊಂದು ದಾರಿ ನನಗೆ ಹೆಚ್ಚು ಇಷ್ಟ. ಎದುರಾಳಿ ತಾನಾಗಿಯೇ ಜಾಗ ಖಾಲಿ ಮಾಡುವಂತೆ ಮಾಡುವುದು.

1953ರ ನವೆಂಬರ್ 25, ಲಂಡನ್ನಿನ ವೆಂಬ್ಲಿ. ಇಂಗ್ಲೆಂಡ್ ಎದುರು ಹಂಗೇರಿ. ಆಗ ಇಂಗ್ಲೆಂಡಿನಲ್ಲಿ ಅಂಗಿಯ ನಂಬರ್ ನೋಡಿದರೆ ಸಾಕು, ಯಾರು ಎಲ್ಲಿ ನಿಲ್ಲುತ್ತಾರೆ ಅಂತ ಗೊತ್ತಾಗುತ್ತಿತ್ತು. 5ನೇ ನಂಬರಿನವನ ಕೆಲಸ ಎದುರು ತಂಡದ 9ನೇ ನಂಬರಿನವನನ್ನು ಕಾಯುವುದು. ಅಂದು 5 ಹಾಕಿಕೊಂಡಿದ್ದವರು ಹ್ಯಾರಿ ಜಾನ್‌ಸ್ಟನ್. ಹಂಗೇರಿಯ 9 ನಾಂದೋರ್ ಹಿದೆಕುಟಿ. ಆದರೆ ಈ ಪುಣ್ಯಾತ್ಮ ಗೋಲಿನ ಮುಂದೆ ನಿಲ್ಲಲೇ ಇಲ್ಲ. ಹಿಂದೆ ಸರಿದು ಮೈದಾನದ ನಡುವೆ ಅಡ್ಡಾಡತೊಡಗಿದ.

ಜಾನ್‌ಸ್ಟನ್ ಏನು ಮಾಡಬೇಕು? ಬೆನ್ನು ಹತ್ತಿ ಹೋದರೆ ಗೋಲಿನ ಮುಂದೆ ದೊಡ್ಡ ಬಾಗಿಲು ತೆರೆದುಕೊಳ್ಳುತ್ತದೆ. ಹಂಗೇರಿಯ ಗೋಲು ಹೊಡೆಯುವ ಆಟಗಾರರಾದ ಪುಷ್ಕಾಶ್, ಕೋಚಿಶ್ ಅದಕ್ಕೇ ಕಾಯುತ್ತಿದ್ದಾರೆ. ಹೋಗದೆ ನಿಂತರೆ ಹಿದೆಕುಟಿಯನ್ನು ಕೇಳುವವರೇ ಇಲ್ಲ. ಅತ್ತ ದರಿ, ಇತ್ತ ಪುಲಿ. ಮೊದಲ ನಿಮಿಷದೊಳಗೇ ಹಿದೆಕುಟಿ ಗೋಲು ಹೊಡೆದ, ಒಟ್ಟು ಮೂರು ಹೊಡೆದ. ಹಂಗೇರಿ 6–3ರಿಂದ ಗೆದ್ದಿತು. ಜಾನ್‌ಸ್ಟನ್ ಮತ್ತೆಂದೂ ಇಂಗ್ಲೆಂಡ್ ಪರ ಆಡಲಿಲ್ಲ. ಆರು ತಿಂಗಳ ನಂತರ ಬುಡಾಪೆಸ್ಟ್‌ನಲ್ಲಿ ಬೇರೆಯವರನ್ನು ಆ ಜಾಗದಲ್ಲಿ ನಿಲ್ಲಿಸಿದರು. ಆಗ ಹಂಗೇರಿ ಗೆದ್ದದ್ದು 7–1ರಿಂದ. ತಪ್ಪು ಮನುಷ್ಯನದಲ್ಲ, ನಿಲ್ಲುವ ಪದ್ಧತಿಯದು ಅಂತ ಅರ್ಥವಾಗಲು ಎರಡು ಸೋಲು ಬೇಕಾಯಿತು.

2009ರ ಮೇ 2ರಂದು ಮ್ಯಾಡ್ರಿಡ್‌ನಲ್ಲಿ ಅದೇ ಒಗಟು ಮತ್ತೆ ಎದುರಾಯಿತು. ಬಾರ್ಸಿಲೋನಾ ಕೋಚ್ ಪೆಪ್ ಗ್ವಾರ್ಡಿಯೋಲಾ, ಬಲ ಅಂಚಿನಲ್ಲಿ ಆಡುತ್ತಿದ್ದ ಲಿಯೊನೆಲ್ ಮೆಸ್ಸಿಯನ್ನು ನಡುವೆ ತಂದು, ಸ್ಟ್ರೈಕರ್ ಸ್ಯಾಮುಯೆಲ್ ಎಟೊನನ್ನು ಬಲಕ್ಕೆ ಕಳಿಸಿದರು. ಮೆಸ್ಸಿ ಹಿದೆಕುಟಿಯಂತೆ ಹಿಂದೆ ಸರಿದ. ರಿಯಲ್ ಮ್ಯಾಡ್ರಿಡ್ ಡಿಫೆನ್ಸಿನ ನಡುವೆ ಇದ್ದವರು 2006ರ ವಿಶ್ವಕಪ್ ಗೆದ್ದ ಇಟಲಿಯ ನಾಯಕ ಫಾಬಿಯೊ ಕನ್ನವಾರೊ. ಸಾಮಾನ್ಯ ಆಸಾಮಿ ಅಲ್ಲ. ಆದರೂ ಹೋಗಬೇಕೋ ನಿಲ್ಲಬೇಕೋ ಎಂಬ ಪ್ರಶ್ನೆ ಬಗೆಹರಿಯಲಿಲ್ಲ. ಮೆಸ್ಸಿ ಎರಡು ಗೋಲು ಹೊಡೆದ, ಬಾರ್ಸಿಲೋನಾ 6–2ರಿಂದ ಗೆದ್ದಿತು.

ಮೆಸ್ಸಿ ಮೈದಾನದಲ್ಲಿ ಸುಮ್ನೆ ನಡೆದಾಡುತ್ತಾನೆ ಅಂತ ಬೈಯುವವರು ಬಹಳ ಜನ. 2018ರಲ್ಲಿ ಹಾವಿಯರ್ ಫರ್ನಾಂಡೆಸ್ ಮತ್ತು ಲ್ಯೂಕ್ ಬಾರ್ನ್ ಎಂಬ ಸಂಶೋಧಕರು, ಮೇಲೆ ಹೇಳಿದಂಥ ಲೆಕ್ಕವನ್ನೇ ಬಳಸಿ, ಆತ ಆ ನಡಿಗೆಯಲ್ಲೇ ಬೆಲೆಬಾಳುವ ಜಾಗ ಗಳಿಸುವುದನ್ನು ತೋರಿಸಿದರು. ಎಲ್ಲರೂ ಚೆಂಡಿನ ಕಡೆ ಓಡುವಾಗ ಇವನು ಓಡುವುದಿಲ್ಲ. ಡಿಫೆಂಡರ್ ನಾಲ್ಕು ಹೆಜ್ಜೆ ಮುಂದೆ ಹೋಗಿ ಹಿಂತಿರುಗಿ ನೋಡುತ್ತಾನೆ. ಅಷ್ಟರಲ್ಲಿ ಮೆಸ್ಸಿಯ ಸುತ್ತಲಿನ ಸೈಟು ಖಾಲಿ.